ದಪ್ಪ ಪುಸ್ತಕ ಬೇಡವಾಯಿತು

ಶೇವಂತಾ,

ನೀನು ಹೋದ ಮೇಲೆ, ಎಂಬಿಬಿಎಸ್ ಓದುವ ನಮ್ಮ ಮಗಳು ಮಾಯಾ ತಲೆಯ ಸ್ಕ್ಯಾನು ನೋಡುವ ಡಾಕ್ಟರೇ ಆಗುತ್ತೇನೆಂದು ಹಟ ಹಿಡಿದಿದ್ದಾಳೆ. ಇವತ್ತು ಕಮಲಾಪುರದಿಂದ ಕಲಬುರಗಿಗೆ ಹೋಗಿ, ಜಗತ್ ಸರ್ಕಲ್ ಹತ್ತಿರದ ಅಂಗಡಿಯಲ್ಲಿ ಅದರ ಪುಸ್ತಕ ನೋಡಿದೆವು. ಜೀವನವಿಡೀ ಕೆಂಪು ಬಾಳೆಹಣ್ಣು ಆರಿಸಿದ ಅನುಭವಸ್ಥನಾದ ನಾನು ಎಲ್ಲಕ್ಕಿಂತ ದಪ್ಪನೆಯದನ್ನೇ ಶಿಫಾರಸು ಮಾಡಿದೆ.

"ಇದರ ಗಾತ್ರ ನೋಡೇ ರೋಗ ಓಡಿಹೋಗ್ತದ ನೋಡವ್ವ."

ಮಾಯಾ ನಗುತ್ತಾ ಹಾಳೆ ತಿರುವಿದಳು. ನಿನ್ನ ತಲೆಯೊಳಗೆ ನಮಗೆ ತಡವಾಗಿ ಗೊತ್ತಾದಂಥದ್ದೇ ಗಂಟಿನ ಚಿತ್ರ ಬಂತು. ಬೇಗ ಸ್ಕ್ಯಾನ್ ಮಾಡಿಸಿದರೆ ಇಂಥವರು ಬಹುತೇಕ ಉಳಿಯುತ್ತಾರೆ ಎಂದು ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದನ್ನು ನಾನೂ ಓದಿದೆ. ಅವಳು ಪಟ್ಟನೆ ಪುಸ್ತಕ ಮುಚ್ಚಿದಳು.

"ಬ್ಯಾಡ ಅಪ್ಪಾ, ಇದರ ಇಂಗ್ಲಿಷ್ ಭಾಳ ಕಠಿಣ ಅದ."

"ಹೌದವ್ವ, ನನಗೂ ಒಂದಕ್ಷರ ತಿಳೀಲಿಲ್ಲ" ಎಂದೆ.

ತೆಳ್ಳನೆಯದನ್ನು ಕೊಂಡೆವು. ಬಸ್ಸಿನಲ್ಲಿ ಇಬ್ಬರಿಗೂ ಕಿಟಕಿಯೇ ಬೇಕೆಂದು ಬೇರೆ ಬೇರೆ ಸೀಟಿನಲ್ಲಿ ಕೂತು ಬಂದೆವು.