ನಂಬಿಕಸ್ಥರ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ

ವಿಶ್ವಾಸಾರ್ಹ ಪ್ರಯಾಣಿಕರ ಯೋಜನೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನನ್ನ ಗಂಡನನ್ನು ಸದ್ಯಕ್ಕೆ ನಂಬಲಾಗದು ಎಂದು ನಿಮ್ಮ ಕಚೇರಿ ಬರೆದ ಪತ್ರ ನಮ್ಮ ಅಡುಗೆಮನೆಯ ಫ್ರಿಜ್ಜಿನ ಬಾಗಿಲ ಮೇಲಿದೆ. ನನ್ನನ್ನು ನಂಬಬಹುದು ಎಂದು ಅದೇ ಕಚೇರಿ ಬರೆದ ಪತ್ರ ಅದರ ಪಕ್ಕದಲ್ಲೇ ಇದೆ. ಎರಡನ್ನೂ ಒಂದೇ ಮ್ಯಾಗ್ನೆಟ್ ಹಿಡಿದುಕೊಂಡಿದೆ. ಎರಡೂ ತಪ್ಪು ಎಂದು ತಿಳಿಸುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನಿಮಗೆ ಕನ್ನಡ ಬಾರದು ಎಂಬುದು ನನಗೆ ಗೊತ್ತು. ಅದೇ ನನ್ನ ಧೈರ್ಯ. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಮೊದಲ ಸಾಲಿಗೇ ಕೈ ಬೆವರುತ್ತದೆ. ಹಾಗಾಗಿ ಮೊದಲು ನಮ್ಮ ಕನ್ನಡ ಬಳಗದ ದೀಪಾವಳಿ ಸಂಚಿಕೆಯಲ್ಲಿ, ನನ್ನನ್ನು ಬಲ್ಲ ನಾಲ್ಕು ಜನರ ಮುಂದೆ ಹೇಳಿಬಿಡುತ್ತೇನೆ. ಅಚ್ಚಾದ ಮೇಲೆ ಹಿಂದೆ ಸರಿಯುವಂತಿಲ್ಲವಲ್ಲ! ಆಮೇಲೆ ನನ್ನ ಮಗಳು ಶೀತಲ್ ಇದನ್ನು ಇಂಗ್ಲಿಷಿಗೆ ಮಾಡಿ, ಸಹಿ ಪಡೆಯುವ ಅಂಚೆಯಲ್ಲಿ ನಿಮಗೆ ಕಳಿಸುತ್ತಾಳೆ.

ನನ್ನ ಗಂಡ ಪುರಂದರ ಕುಂದಾಪುರದವರು. ಹದಿನೈದು ವರ್ಷದ ಹಿಂದೆ ಅಡುಗೆಯವರಾಗಿ ಈ ದೇಶಕ್ಕೆ ಬಂದರು. ಈಗಲೂ ಇಲ್ಫರ್ಡ್‌ನ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಾರೆ. ನಾನು ಹತ್ತಿರದ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತೇನೆ. ಎರಡು ಸಾವಿರದ ನಾಲ್ಕರಲ್ಲಿ ನಮ್ಮಿಬ್ಬರ ಪಾಸ್‌ಪೋರ್ಟಿನಲ್ಲೂ ನಿಮ್ಮ ಸರ್ಕಾರ ಒಂದೊಂದು ಚೀಟಿ ಅಂಟಿಸಿತು. ಈ ದೇಶದಲ್ಲಿ ಕಾಲಮಿತಿಯಿಲ್ಲದೆ ಇರಬಹುದು ಎಂದು ಅದರ ಮೇಲೆ ಬರೆದಿತ್ತು. ಕಾಲಮಿತಿಯಿಲ್ಲದೆ! ಆ ಮಾತನ್ನು ಇವರು ಫೋನಿನಲ್ಲಿ ತಮ್ಮ ಅಕ್ಕನಿಗೆ ಮೂರು ಸಲ ಓದಿ ಹೇಳಿದ್ದರು. ಮುಂದೆ ಪಾಸ್‌ಪೋರ್ಟಿನ ಅವಧಿ ಮುಗಿದು ಹೊಸದು ಬಂದರೂ ಚೀಟಿ ಇದ್ದದ್ದು ಹಳೆಯದರಲ್ಲೇ. ಆದ್ದರಿಂದ ಹಳೆಯದಕ್ಕೂ ಹೊಸದಕ್ಕೂ ರಬ್ಬರ್ ಬ್ಯಾಂಡ್ ಹಾಕಿ, ನನ್ನ ಸೀರೆಗಳ ಅಡಿಯಲ್ಲಿ ಇಟ್ಟುಕೊಂಡಿದ್ದೆವು.

ಈಗ ಆಯುಧ ಪೂಜೆಯ ವಿಷಯ ಹೇಳಬೇಕು. ನವರಾತ್ರಿಯ ಕೊನೆಯಲ್ಲಿ ನಾವು ದುಡಿಯುವ ಸಾಮಾನುಗಳಿಗೆ ಪೂಜೆ ಮಾಡುತ್ತೇವೆ. ಯಾವುದರಿಂದ ಹೊಟ್ಟೆ ತುಂಬುತ್ತದೋ ಅದಕ್ಕೆ ಒಂದು ದಿನ ಕೈಮುಗಿಯುವುದು, ಅಷ್ಟೇ. ನಮ್ಮ ಮನೆಯ ಮಣೆಯ ಮೇಲೆ ಇವರ ದೋಸೆ ಸಟ್ಟುಗ, ನನ್ನ ಕಾಯಿ ತುರಿಯುವ ಹೆರೆಮಣೆ, ಕಾರಿನ ಕೀ, ಶೀತಲ್‌ಳ ಲ್ಯಾಪ್‌ಟಾಪ್ ಎಲ್ಲವೂ ಕೂರುತ್ತವೆ. ಪರದೇಶದಲ್ಲಿ ನಮ್ಮ ಹೊಟ್ಟೆ ತುಂಬಿಸುವುದು ಪಾಸ್‌ಪೋರ್ಟೂ ಹೌದಲ್ಲವೇ? ಅದಕ್ಕೂ ಒಂದು ಹೂವು ಇಡುತ್ತಿದ್ದೆವು. ಲಂಡನ್ನಿನಲ್ಲಿ ಇದು ನಮ್ಮ ಮನೆಯ ಪದ್ಧತಿ ಮಾತ್ರವೇನಲ್ಲ. ಬೇಕಾದರೆ ಈ ಸಂಚಿಕೆ ಓದುವವರನ್ನೇ ಕೇಳಿ, ಅವರು ಒಪ್ಪಿಕೊಳ್ಳಲಿಕ್ಕಿಲ್ಲ, ಆದರೆ ಅವರ ಮುಖ ನೋಡಿದರೆ ತಿಳಿಯುತ್ತದೆ.

ಎರಡು ಸಾವಿರದ ಹನ್ನೊಂದರ ಪೂಜೆಯ ದಿನ ನನಗೆ ಅತಿ ಭಕ್ತಿ ಬಂತು. ಮುಚ್ಚಿದ ಪುಸ್ತಕಕ್ಕೆ ಹೂವಿಟ್ಟರೆ ದೇವಿಗೆ ಒಳಗಿನ ಚೀಟಿ ಕಾಣುವುದು ಹೇಗೆ ಎಂದುಕೊಂಡು, ಇವರ ಹಳೆಯ ಪಾಸ್‌ಪೋರ್ಟನ್ನು ಚೀಟಿ ಇರುವ ಪುಟಕ್ಕೇ ಬಿಡಿಸಿ, ನೀರಿನಲ್ಲಿ ಕಲಸಿದ ಕುಂಕುಮವನ್ನು ಬೆರಳಿನಿಂದ ಹಚ್ಚಿದೆ. ನನ್ನದಕ್ಕೂ ಹಚ್ಚಬೇಕು ಅನ್ನುವಷ್ಟರಲ್ಲಿ ಒಲೆಯ ಮೇಲೆ ಪಾಯಸ ಉಕ್ಕಿತು. ಒಳಗೆ ಓಡಿದವಳು ನನ್ನದನ್ನು ಮರೆತೆ. ಈ ಪಾಯಸವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನೀವು ನನ್ನನ್ನು ನಂಬಿದ್ದಕ್ಕೆ ಕಾರಣ ಅದೇ.

ಮರುದಿನ ಸಾಮಾನು ಎತ್ತಿಡುವಾಗ ನೋಡಿದರೆ ಕೆಂಪು ಬಣ್ಣ ಹೆಸರು, ತಾರೀಕಿನ ಮೇಲೆಲ್ಲ ಹರಡಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಅದು ಬರೀ ಕಲೆ ಆಗಿರುತ್ತಿತ್ತೋ ಏನೋ. ನಾನು ಒದ್ದೆ ಬಟ್ಟೆ ತಂದು ಒರೆಸಿದೆ. ಕುಂಕುಮದ ಜೊತೆಗೆ ತಾರೀಕೂ ಅರ್ಧ ಬಂತು. ಪುಸ್ತಕ ಮುಚ್ಚಿ, ರಬ್ಬರ್ ಬ್ಯಾಂಡ್ ಹಾಕಿ, ಸೀರೆಗಳ ಅಡಿಯಲ್ಲಿ ಇಟ್ಟುಬಿಟ್ಟೆ. ಯಾರಿಗೂ ಹೇಳಲಿಲ್ಲ. ಮಕ್ಕಳು ತಟ್ಟೆ ಒಡೆದು ಸೋಫಾದ ಕೆಳಗೆ ತಳ್ಳಿದರೆ ನಾನು ಬೈಯುತ್ತೇನೆ. ಐವತ್ತರ ಹತ್ತಿರದ ಹೆಂಗಸು ನಾನು ಮಾಡಿದ್ದೂ ಅದನ್ನೇ.

ಮುಂದಿನ ವರ್ಷ ಇವರು ಒಬ್ಬರೇ ಊರಿಗೆ ಹೋಗಿ ಬರುವಾಗ ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಆ ಪುಟ ತೆರೆಯಿತು. ಮೂರು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಕೊನೆಗೆ ಬಿಟ್ಟರು, ಆದರೆ ಹಾಳಾದ ಚೀಟಿಯ ಬದಲು ಹೊಸ ಕಾರ್ಡಿಗೆ ಅರ್ಜಿ ಹಾಕಲು ಹೇಳಿದರು. ಹಾಕಿದೆವು. ಹೊಸ ಪಾಸ್‌ಪೋರ್ಟ್ ವಾಪಸು ಬಂತು, ಚೀಟಿಯಿದ್ದ ಹಳೆಯದು ಬರಲಿಲ್ಲ. ಅದರ ಬದಲು ಇವರಿಗೆ ಸಂದರ್ಶನಕ್ಕೆ ಕರೆ ಬಂತು.

ಆ ದಿನ ನಾನೂ ಜೊತೆಗೆ ಹೋಗಿದ್ದೆ. ಹೊರಗೆ ಕೂತು ಎಲ್ಲವನ್ನೂ ಹೇಳಿಬಿಡಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಇವರು ಹೊರಬಂದವರೇ, "ನಡಿ, ಮನಿಗ್ ಹೋಪ," ಅಂದರು. ಬಸ್ಸಿನಲ್ಲಿ ಕೂತ ಮೇಲೆ ಬಾಯಿ ಬಿಟ್ಟರು.

"ತಾರೀಕ್ ಒರ್ಸಿದ್ ಯಾರ್ ಅಂದೇಳಿ ಕೇಂಡ್ರ್. ನಾನೇ ಅಂದೆ."

ಇವರಿಗೆ ಮೊದಲೇ ಗೊತ್ತಿತ್ತು! ಆ ಬೆಂಚಿನ ಮೇಲೆ ಕೂತಾಗಲೇ ಕುಂಕುಮ ನೋಡಿ ತಿಳಿದುಕೊಂಡಿದ್ದರು. ಒಂದು ವರ್ಷ ಒಂದು ಮಾತೂ ಕೇಳಿರಲಿಲ್ಲ.

"ಎಂತಕ್ಕ್ ಹಾಂಗ್ ಹೇಳುಕ್ ಹೋದ್ರಿ?" ಅಂದೆ.

"ನಿನ್ ಹೆಸ್ರ್ ಹೇಳ್ರೆ ನಿನ್ನೂ ಒಳ್ಗ್ ಕರೀತ್ರ್. ನಿಂಗ್ ಇಂಗ್ಲಿಷ್ ಅಂದ್ರೆ ಹೆದ್ರಿಕಿ ಅಲ್ದಾ? ಸುಮ್ನೆ ಕೂಕೊ ಮಾರಾಯ್ತಿ."

ಮಾನ್ಯರೇ, ನಾನು ಸುಮ್ಮನೆ ಕೂತೆ. ಒಂದೂವರೆ ವರ್ಷದಿಂದ ಸುಮ್ಮನೆ ಕೂತಿದ್ದೇನೆ. ದಾಖಲೆ ತಿದ್ದಿದ ಆರೋಪದ ಮೇಲೆ ಇವರ ಕೇಸ್ ಬಾಕಿ ಇದೆ. ಬಾಕಿ ಎಂದರೆ ಏನು ಎಂದು ನಿಮಗೆ ಗೊತ್ತಿರಬಹುದು, ಆದರೆ ಅದರ ಸದ್ದು ಗೊತ್ತಿರಲಿಕ್ಕಿಲ್ಲ. ಬಾಗಿಲಿನ ಅಂಚೆ ಕಿಂಡಿ ಟಪ್ ಎಂದರೆ ಪಿಜ್ಜಾ ಅಂಗಡಿಯ ಜಾಹೀರಾತು ಬಂದರೂ ನಾನು ನಿಂತಲ್ಲೇ ನಿಲ್ಲುತ್ತೇನೆ. ಕಳೆದ ವರ್ಷ ಬೇಸಿಗೆಯಲ್ಲಿ ಕಾಗದಪತ್ರ ಇಲ್ಲದವರು ಮನೆಗೆ ಹೋಗಿ ಎಂಬ ಬೋರ್ಡು ಹೊತ್ತ ಸರ್ಕಾರದ ವ್ಯಾನ್ ನಮ್ಮ ಕಡೆಯ ಬೀದಿಗಳಲ್ಲಿ ಓಡಾಡಿತು. ನಮ್ಮ ಕಾಗದವೇನೋ ಇದೆ, ಆದರೆ ಅದು ನಿಮ್ಮ ಹತ್ತಿರ ಇದೆ. ಅದನ್ನು ವ್ಯಾನಿನವರಿಗೆ ಹೇಳುವುದು ಹೇಗೆ? ನಾನು ಹಾಲು ತರದೆ ಮನೆಗೆ ವಾಪಸು ಬಂದೆ. ಹೋಟೆಲಿನ ಮಾಲೀಕ ಮುಕುಂದಣ್ಣ ಒಳ್ಳೆಯವರು. ಅವರೂ ಮೊನ್ನೆ, "ಪುರಂದರ, ಚೆಕಿಂಗಿಗ್ ಬಂದ್ರೆ ನಾ ಎಂತ ತೋರ್ಸುದ್ ಮಾರಾಯ?" ಅಂದರಂತೆ. ಹಾಗೆ ಕೇಳಿದ ಅವರಿಗೂ ಭಯ, ಅದು ಕಿವಿಗೆ ಬಿದ್ದ ನನಗೂ ಭಯ.

ಇಷ್ಟರ ನಡುವೆ ಊರಿನಿಂದ ಇವರ ಅಕ್ಕ ಚಂದ್ರಿಕಾ ಫೋನ್ ಮಾಡಿದರು. ತಾಯಿ ತೀರಿಕೊಂಡ ಮೇಲೆ ಇವರನ್ನು ಸಾಕಿದ್ದು ಆ ಅಕ್ಕನೇ. ಬರುವ ಜನವರಿಯಲ್ಲಿ ಅವರ ಹೃದಯದ ಆಪರೇಷನ್. "ಆಪ್ರೇಶನಿಗ್ ಮೊದ್ಲ್ ಅವ್ನ್ ಮೋರಿ ಒಂದ್ಸಲ ಕಾಣ್ಕ್ ರಾಜೀವಿ, ಕಳ್ಸಿಕೊಡ್," ಅಂದರು. ತಮ್ಮನ ಮುಖ ನೋಡುವ ಆಸೆ, ಕಳಿಸಬಹುದು. ಹೋಗುವುದನ್ನು ಯಾರೂ ತಡೆಯುವುದಿಲ್ಲ. ವಾಪಸು ಬರುವಾಗ ಚೀಟಿ ಎಲ್ಲಿ ಎಂದು ಬೆಂಗಳೂರಿನಲ್ಲಿ ವಿಮಾನದವರೇ ಕೇಳಿದರೆ ಏನು ತೋರಿಸುವುದು? ಹೋದವರು ಅಲ್ಲೇ ಉಳಿದುಬಿಟ್ಟರೆ? ಕೇಸ್ ವಿಭಾಗದ ಪತ್ರದಲ್ಲಿ ಸ್ವಂತ ಜವಾಬ್ದಾರಿಯ ಮೇಲೆ ಪ್ರಯಾಣ ಮಾಡಬಹುದು ಎಂದಿದೆ. ಬಹಳ ಔದಾರ್ಯದ ಮಾತು.

ಆಗ ಶೀತಲ್ ನಿಮ್ಮ ಯೋಜನೆಯನ್ನು ಹುಡುಕಿದಳು. ನಿಮ್ಮ ಪಟ್ಟಿಯಲ್ಲಿರುವವರಿಗೆ ಕ್ಯೂ ಇಲ್ಲ, ಪ್ರಶ್ನೆ ಇಲ್ಲ, ಗೇಟು ತಾನಾಗಿ ತೆರೆಯುತ್ತದಂತೆ. "ಅಪ್ಪಾ, ಪರ್ಮನೆಂಟ್ ರೆಸಿಡೆಂಟ್ಸ್ ಕ್ಯಾನ್ ಅಪ್ಲೈ. ಲುಕ್, ಇಟ್ ಸೇಸ್ ಸೋ!" ಎಂದು ಕುಣಿದಳು. ನಂಬಿಕಸ್ಥರು ಎಂದು ಒಂದು ಕಚೇರಿ ಬರೆದುಕೊಟ್ಟರೆ ಇನ್ನೊಂದು ಕಚೇರಿ ಒಪ್ಪದೆ ಇರುತ್ತದೆಯೇ ಎಂದು ನಾವೂ ಆಸೆಪಟ್ಟೆವು. ಒಂದೇ ದಿನ ಇಬ್ಬರೂ ಅರ್ಜಿ ಹಾಕಿದೆವು. ವಲಸೆಗೆ ಸಂಬಂಧಿಸಿದ ಯಾವುದಾದರೂ ಕೇಸ್ ಬಾಕಿ ಇದೆಯೇ ಎಂಬ ಪ್ರಶ್ನೆ ಬಂತು. ಇಲ್ಲ ಎನ್ನಬಹುದಿತ್ತು. ಇವರು ಹೌದು ಎಂದು ಬರೆದರು. ನಾನು ಇಲ್ಲ ಎಂದು ಬರೆದೆ. ಇಬ್ಬರೂ ನಿಜವನ್ನೇ ಬರೆದೆವು.

ಹನ್ನೊಂದು ದಿನಕ್ಕೆ ನನಗೆ ಉತ್ತರ ಬಂತು. ಅಭಿನಂದನೆಗಳು, ನಿಮ್ಮನ್ನು ವಿಶ್ವಾಸಾರ್ಹ ಪ್ರಯಾಣಿಕರೆಂದು ಗುರುತಿಸಲಾಗಿದೆ. ಇವರಿಗೆ ಹನ್ನೆರಡನೆಯ ದಿನ ಬಂತು. ಕೇಸ್ ಬಾಕಿ ಇರುವವರು ಅರ್ಹರಲ್ಲ. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆವು. ಕೇಸ್ ಯಾವಾಗ ಮುಗಿಯುತ್ತದೆ ಎಂದು ಶೀತಲ್ ಆ ವಿಭಾಗಕ್ಕೆ ಫೋನ್ ಮಾಡಿದರೆ, ವಿಶ್ವಾಸಾರ್ಹ ಯೋಜನೆಯವರು ಇವರನ್ನು ನಿರಾಕರಿಸಿದ್ದು ಈಗ ಫೈಲಿಗೆ ಸೇರಿದೆ, ಅದನ್ನೂ ಪರಿಶೀಲಿಸಬೇಕು ಅಂದರಂತೆ. ಕೇಸ್ ಇರುವುದರಿಂದ ನೀವು ನಂಬುವುದಿಲ್ಲ, ನೀವು ನಂಬದೆ ಇರುವುದರಿಂದ ಅವರು ಕೇಸ್ ಮುಗಿಸುವುದಿಲ್ಲ. ಎರಡು ಕಚೇರಿಗಳೂ ಒಂದೇ ಕಟ್ಟಡದಲ್ಲಿ ಇವೆಯೇ? ಇದ್ದರೆ ಲಿಫ್ಟಿನಲ್ಲಾದರೂ ಒಬ್ಬರನ್ನೊಬ್ಬರು ಮಾತಾಡಿಸಬಾರದೇ?

ನಮ್ಮ ವಕೀಲರು ಅಕ್ಸ್‌ಬ್ರಿಡ್ಜ್‌ನ ಕ್ಲೈವ್ ಲೋಬೊ, ಮಂಗಳೂರು ಕಡೆಯವರು. ಅವರಿಗೆ ಮಾತ್ರ ನಿಜ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈಗ ನೀವು ಬಾಯಿ ಬಿಟ್ರೆ ಅವ್ರು ಸುಳ್ಳು ಹೇಳಿಕೆ ಕೊಟ್ಟ ಹಾಗೆ ಆಗ್ತದೆ. ನಿಮ್ಮ ಮೇಲೂ ಒಂದು ಕೇಸು ಬರ್ತದೆ. ಸುಮ್ನೆ ಇರಿ ಮಾರಾಯ್ರೆ, ಕಾಯುವ."

ಅವರು ಹೇಳಿದ್ದು ಕಾನೂನು. ನನ್ನ ಭಯಕ್ಕೂ ಅದೇ ಬೇಕಾಗಿತ್ತು, ಆದ್ದರಿಂದ ಕೂಡಲೇ ಒಪ್ಪಿದೆ. ಆದರೆ ಈ ವರ್ಷದ ಆಯುಧ ಪೂಜೆಗೆ ಇವರು ತಮ್ಮ ಸಟ್ಟುಗವನ್ನು ಮಣೆಯ ಮೇಲೆ ಇಡಲಿಲ್ಲ. ಎಲ್ಲಿ ಅಂದೆ. "ಹೋಟ್ಲಂಗೇ ಬಿಟ್ ಬಂದೆ. ಇನ್ನ್ ಎಷ್ಟ್ ದಿನ ಅದ್ರ್ ಕೆಲ್ಸವೋ ಯಾರಿಗ್ ಗೊತ್ತ್," ಎಂದು ನಕ್ಕರು. ಹದಿನೈದು ವರ್ಷದಲ್ಲಿ ಮೊದಲ ಸಲ ಇವರು ಹೆದರಿದ್ದನ್ನು ಕಂಡೆ. ನನ್ನ ಬದಲು ಒಳಗೆ ಹೋಗಿ ಕೂತವರು, ನನಗೆ ಹೆದರಿಕೆ ಎಂದು ತಾವು ಹೆದರದೆ ಇದ್ದವರು. ಆ ಹೊತ್ತಿನಲ್ಲಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ನೀವು ಕೊಟ್ಟ ನಂಬಿಕಸ್ಥಳೆಂಬ ಪತ್ರವನ್ನು ಇದರ ಜೊತೆಗೆ ವಾಪಸು ಕಳಿಸುತ್ತಿದ್ದೇನೆ, ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ. ಪುರಂದರ ಅವರ ಹೆಸರಿನ ಕೇಸನ್ನು ನನ್ನ ಹೆಸರಿಗೆ ಬದಲಾಯಿಸಲು ಕೇಸ್ ವಿಭಾಗಕ್ಕೆ ಬರೆಯಿರಿ. ಅವರು ಹೇಳಿದ ಒಂದೇ ಸುಳ್ಳು ನನಗಾಗಿ ಹೇಳಿದ್ದು ಎಂಬುದನ್ನೂ ಫೈಲಿಗೆ ಸೇರಿಸಿ. ಎಲ್ಲವನ್ನೂ ಫೈಲಿಗೆ ಸೇರಿಸುತ್ತೀರಲ್ಲ, ಇದನ್ನೂ ಸೇರಿಸಿ. ಜನವರಿಯ ಒಳಗೆ ಅವರ ಹಳೆಯ ಪಾಸ್‌ಪೋರ್ಟನ್ನೋ ಹೊಸ ಕಾರ್ಡನ್ನೋ ಕೊಡಿ, ಅಕ್ಕನ ಮುಖ ನೋಡಿ ಬರಲಿ. ಬರಲಿ ಎಂಬ ಮಾತನ್ನು ದಯವಿಟ್ಟು ಗಮನಿಸಿ, ಹೋಗಲಿ ಎಂದಷ್ಟೇ ನಾನು ಕೇಳುತ್ತಿಲ್ಲ.

ಈ ಪತ್ರವನ್ನು ಇವರಿಗೆ ತೋರಿಸಿಲ್ಲ. ಸಂಚಿಕೆ ಮನೆಗೆ ಬಂದ ದಿನ ಓದುತ್ತಾರೆ. ಬೈಯುತ್ತಾರೋ, ಕುಂಕುಮ ಕಂಡ ಮೇಲೆ ಇದ್ದಂತೆ ಸುಮ್ಮನಿರುತ್ತಾರೋ ಗೊತ್ತಿಲ್ಲ.

ನನ್ನನ್ನು ಸಂದರ್ಶನಕ್ಕೆ ಕರೆಯಿರಿ. ದುಭಾಷಿ ಬೇಡ, ಶೀತಲ್ ಹೇಳಿಕೊಟ್ಟಿದ್ದಾಳೆ. ಶಾಲೆಯಲ್ಲಿ ತಟ್ಟೆ ತೊಳೆಯುವಾಗ ದಿನಾ ಬಾಯಿಪಾಠ ಮಾಡುತ್ತಿದ್ದೇನೆ. ಐ ವೈಪ್ಡ್ ಇಟ್. ಮೈ ಹಸ್ಬೆಂಡ್ ಡಿಡ್ ನಾಟ್ ಟಚ್ ಇಟ್. ಎರಡೇ ವಾಕ್ಯ. ಅವನ್ನು ಹೇಳಿ ಮುಗಿಸುವವರೆಗೆ ದಯವಿಟ್ಟು ನಡುವೆ ಏನೂ ಕೇಳಬೇಡಿ. ಕೇಳಿದರೆ ಹೆದರಿಕೆಗೆ ಮರೆತುಬಿಡುತ್ತೇನೆ, ಮತ್ತೆ ಇವರೇ ಒಳಗೆ ಬಂದು ನನ್ನ ಬದಲು ಉತ್ತರ ಹೇಳಿಬಿಡುತ್ತಾರೆ.

ಇಂತಿ,
ನೀವು ಹನ್ನೊಂದೇ ದಿನದಲ್ಲಿ ನಂಬಿಬಿಟ್ಟ
ರಾಜೀವಿ
ಇಲ್ಫರ್ಡ್, ಅಕ್ಟೋಬರ್ ೨೦೧೪