ಬರಿಗಾಲಿನ ಗುರುತು

ಬೀರ್ ಸಮ್ರಾ ಬಾವಿ
ರಂಜಾನ್ ಕಳೆದ ಹತ್ತನೇ ದಿನ

ಮಗಳು ಹಮ್ದಾಳಿಗೆ ಅಪ್ಪನ ಸಲಾಮು.

ಮೊನ್ನೆ ಬಂದಾಗ ನೀನು ಜಬನಾ ಕಾಫಿ ಕುದಿಸಲಿಲ್ಲ. ಹುಟ್ಟಿದಾಗಿನಿಂದ ಯಾವ ಗುಡಾರದಲ್ಲೂ ನಾನು ಕಾಫಿ ಕುಡಿಯದೆ ಎದ್ದವನಲ್ಲ. "ಊರವರನ್ನೆಲ್ಲ ಹುಡುಕಿ ತರ್ತೀಯ, ನನ್ನ ಗಂಡನ ಹೆಜ್ಜೆ ಒಂದೇ ನಿಂಗೆ ಕಾಣ್ಲಿಲ್ವಾ ಅಪ್ಪಾ?" ಎಂದು ನೀನು ಕೇಳಿದೆ. ಗಾಳಿ ಅಳಿಸಿತ್ತು ಎಂದು ಹೇಳಿ ಬಂದೆ. ಆ ದಿನ ಗಾಳಿ ಇರಲೇ ಇಲ್ಲ.

ಟ್ಯಾಂಟಲಮ್ ಗಣಿಯವರು ಕಪ್ಪು ಕಲ್ಲು ಹುಡುಕಲು ಕಳಿಸಿದ ಗಾಡಿ ಮರಳುಗಾಡಿನ ನಡುವೆ ಕೆಟ್ಟು ನಿಂತಿತ್ತು. ಅದರಲ್ಲಿದ್ದವರು ಇಬ್ಬರೇ, ನಿನ್ನ ಕರ್ರಾರ್ ಮತ್ತು ನೈಲ್ ಕಡೆಯ ಜಕರಿಯಾ. ಒಬ್ಬ ರಸ್ತೆಯ ಕಡೆಗೆ, ಇನ್ನೊಬ್ಬ ಬಾವಿಯ ಕಡೆಗೆ ನಡೆದಿದ್ದರು. ಹೆಜ್ಜೆ ಓದಿ ಹೇಳಲು ಗಣಿಯವರು ನನ್ನನ್ನು ಕರೆದೊಯ್ದರು. ಗಣಿಯಲ್ಲಿ ಎಲ್ಲರಿಗೂ ಒಂದೇ ಬೂಟು. ಬೂಟಿನ ಹೆಜ್ಜೆ ಹಿಡಿದು ಹೋದೆ, ಸಂಜೆಯೊಳಗೆ ಜಕರಿಯಾ ಸಿಕ್ಕಿದ. ಎಲ್ಲರೂ ಬೆನ್ನು ತಟ್ಟಿದರು. ನಾನೂ ಉಬ್ಬಿದೆ, ಮುದಿ ಕತ್ತೆ.

ನೀರು ಕುಡಿದು ಚೇತರಿಸಿಕೊಂಡ ಮೇಲೆ ಜಕರಿಯಾ ಹೇಳಿದ. ಹೊರಡುವಾಗ ಕರ್ರಾರ್ ಬೂಟು ಬಿಚ್ಚಿ ಕೊರಳಿಗೆ ಹಾಕಿಕೊಂಡನಂತೆ. "ಬೂಟೆಲ್ಲ ಒಂದೇ ಕಣೋ. ನನ್ನ ಪಾದ ಕಂಡ್ರೆ ಸಾಕು, ಮಾವ ಬಂದ್ಬಿಡ್ತಾರೆ" ಎಂದನಂತೆ.

ಮರುದಿನ ಮಧ್ಯಾಹ್ನ ಕರ್ರಾರ್ ಸಿಕ್ಕಿದ, ಉಸಿರು ಇರಲಿಲ್ಲ. ಬಾವಿ ಕೂಗಳತೆಯಲ್ಲಿತ್ತು. ಅಂಗಾಲುಗಳು ಬೊಬ್ಬೆ ಎದ್ದು ಒಡೆದಿದ್ದವು. ಆದರೂ ಬೂಟು ಹಾಕಿಕೊಂಡಿರಲಿಲ್ಲ.

ಎರಡು ವರ್ಷದಿಂದ ನನ್ನ ಕಣ್ಣು ಮಂಜು. ಕೆಲಸ ಹೋದೀತೆಂದು ಯಾರಿಗೂ ಹೇಳಿರಲಿಲ್ಲ. ಬರಿಗಾಲಿನ ಗುರುತು ನನಗೆ ಕಾಣಿಸಲಿಲ್ಲ ಮಗಳೇ. ನನ್ನ ಎದೆ ಒಡೆದುಹೋಗಿದೆ. ಕಾಫಿ ಕೊಡಬೇಡ, ಬಾಗಿಲಿಗೆ ಬಂದರೆ ಮಾತಾಡಿಸು, ಸಾಕು.

ನಿನ್ನ ಅಪ್ಪ,
ಔದಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಕಾಣಿಸಲಿಲ್ಲ ಎಂದೆನಲ್ಲ, ಅದೂ ಸುಳ್ಳು. ಕಣ್ಣು ಮಂಜಾಗಿದ್ದರೂ ಬಗ್ಗಿ ನೋಡಿದಾಗ ಕಂಡಿತ್ತು. ಬಲಗಾಲಿನ ಕಿರುಬೆರಳು ನೆಲ ಮುಟ್ಟದ ಹೆಜ್ಜೆ ಈ ಸೀಮೆಯಲ್ಲಿ ಅವನೊಬ್ಬನದೇ. "ನನ್ನ ಅಳಿಯ ಈ ಕಡೆ ಹೋಗಿದ್ದಾನೆ" ಎಂದೆ. ಗಣಿಯ ಸಾಹೇಬ ನಕ್ಕ. "ನಮ್ಮವರು ಬರಿಗಾಲಲ್ಲಿ ನಡೆಯಲ್ಲ ಯಜಮಾನ್ರೇ, ಯಾರೋ ಕುರಿ ಕಾಯೋನದು. ಕಣ್ಣು ಸರಿ ಇದೆ ತಾನೆ?" ಎಂದ. ಇನ್ನೊಂದು ಮಾತಾಡಿದರೆ ಕಣ್ಣು ಪರೀಕ್ಷೆ ಮಾಡಿಸುತ್ತಾನೆಂದು ಹೆದರಿ, ನಾನು ಅವರ ಗಾಡಿ ಹತ್ತಿ ಬೂಟಿನ ಹೆಜ್ಜೆಯ ಕಡೆಗೆ ಹೊರಟೆ.