ನೀಲಾಳಿಗೆ ತಪ್ಪಿದ ಸೂಜಿ

ಕೆರೂರ
೧೪ ಮಾರ್ಚ್ ೨೦೨೫

ತಮ್ಮ ಮಹಾಂತೇಶನಿಗೆ,

ನಿನ್ನ ಅಕ್ಕ ಕಸ್ತೂರಿಯ ಆಶೀರ್ವಾದ. ಕೂಸು ದವಾಖಾನೆ ಸೇರಿದ ದಿನವೇ ಬರೆಯಬೇಕಿತ್ತು, ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ ಬರೀ ಬೈಗುಳವಾಗುತ್ತಿತ್ತು. ಫೋನಿನಲ್ಲಿ ದನಿ ಏರಿಸಿದರೆ ಕಟ್ ಮಾಡುತ್ತೀ. ಇದನ್ನಾದರೂ ಪೂರ್ತಿ ಓದು.

ನಿನ್ನ ಮಗಳು ನೀಲಾ ದವಾಖಾನೆಯಿಂದ ಮನೆಗೆ ಬಂದಿದ್ದಾಳೆ. ಜ್ವರವಿಲ್ಲ, ಗಂಜಿ ಕುಡಿಯುತ್ತಾಳೆ. ಆದರೆ ಹಿಂದಿನಿಂದ ತಟ್ಟೆ ಬಡಿದರೂ ತಿರುಗುವುದಿಲ್ಲ. ದಡಾರ ಮಿದುಳಿಗೆ ಏರಿ ಎರಡೂ ಕಿವಿ ಹೋಗಿವೆ ಎಂದು ಬಾಗಲಕೋಟೆಯ ಡಾಕ್ಟರು ನಿನ್ನೆ ಹೇಳಿದರು. ನಿನ್ನ ಹೆಂಡತಿ ಶಾರವ್ವ ಅಳಲಿಲ್ಲ. "ಅಕ್ಕಾರ, ಈಗಷ್ಟ ಅಪ್ಪಾ ಅನ್ನಾಕ ಕಲ್ತಿದ್ಲು. ಅದನ್ನೂ ಮರೀತಾಳೇನ್ರಿ?" ಎಂದಳು.

ಒಂಬತ್ತು ತಿಂಗಳು ತುಂಬಿದಾಗ ಅಂಗನವಾಡಿಗೆ ಕರೆತಾ ಎಂದು ಎರಡು ಸಲ ಹೇಳಿ ಕಳಿಸಿದೆ. ಮೂರನೆಯ ಸಲ, ಊರ ಮಕ್ಕಳಿಗೆಲ್ಲ ಸೂಜಿ ಹಾಕುವ ನಾನೇ ಲಸಿಕೆ ಡಬ್ಬಿ ಹೊತ್ತು ನಿನ್ನ ಮನೆಗೆ ಬಂದೆ. ನೀನು ಬಾಗಿಲಿಗೆ ಅಡ್ಡ ನಿಂತೆ. "ಯಕ್ಕಾ, ಹುಟ್ಟಾ ಬಂದ ಶಕ್ತಿ ಐತಿ ಆಕಿಗೆ, ಮ್ಯಾಲ ನಮ್ಮ ಅಂಗಡಿ ಶಕ್ತಿ ಪೌಡರ್ ಐತಿ. ಇದನ್ನ ತಿಂದ್ರ ಸೂಜಿ ಬ್ಯಾಡಂತ ಹೇಳಿ ಮಾರಾಂವ ನಾ. ನನ್ನ ಮಗಳಿಗೇ ಸೂಜಿ ಹಾಕಿಸಿದ್ರ ಗಿರಾಕಿ ಏನಂತಾರ?"

ಹುಟ್ಟಿನಿಂದ ಬಂದ ಶಕ್ತಿ ಇಲ್ಲವೆಂದು ಯಾರಂದರು? ಯಾವ ರೋಗ ಬಂದರೂ ಅದು ತಕ್ಷಣ ಎದ್ದು ಹೊಡೆದಾಡುತ್ತದೆ, ಆದರೆ ಯಾರ ಗುರುತೂ ಇಟ್ಟುಕೊಳ್ಳುವುದಿಲ್ಲ. ಗುರುತಿಡುವ ಶಕ್ತಿ ಬೇರೆ. ಅದು ಕಲಿಯಬೇಕು, ಕಲಿಯಲು ದಿನಗಳು ಬೇಕು. ದಡಾರ ಅಷ್ಟು ಕಾಯುವುದಿಲ್ಲ. ಸೂಜಿ ಮೊದಲೇ ಕಲಿಸಿಡುತ್ತದೆ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದ ಕಾವಲು ಒಂಬತ್ತು ತಿಂಗಳಿಗೆಲ್ಲ ಕರಗಿರುತ್ತದೆ. ನಿನ್ನ ಪೌಡರ್ ಇದರಲ್ಲಿ ಒಂದನ್ನೂ ಮಾಡುವುದಿಲ್ಲ. ನೀನು ಬಿಎಸ್ಸಿ ಓದಿದವನು, ನಿನಗೆ ಗೊತ್ತಿತ್ತು. ನನ್ನ ಸಿಟ್ಟು ಅದಕ್ಕೇ.

ಪಕ್ಕದ ಮನೆಯ ಬಾನುಬಿಯ ಮೂರೂ ಮಕ್ಕಳು ನೀಲಾಳ ಜೊತೆಗೇ ಆಡಿದವು. ಒಂದಕ್ಕೂ ಏನೂ ಆಗಲಿಲ್ಲ. "ನಾ ಸಾಲಿ ಕಲ್ತಿಲ್ರಿ ಸಿಸ್ಟರ. ನೀವು ಹೇಳಿದ್ರಿ, ಹಾಕಿಸಿದ್ನಿ," ಎಂದಳು. ನನಗೆ ತಲೆ ಎತ್ತಲಾಗಲಿಲ್ಲ.

ಸೋಮವಾರ ಕಿವಿಯ ಮಶೀನಿಗೆ ಅಳತೆ ಕೊಡಬೇಕು. ಇಳಕಲ್ಲಿನ ಅಂಗಡಿಗೆ ಬೀಗ ಹಾಕಿ ಬಾ. ಶಾರವ್ವನಲ್ಲ, ನೀನೇ ಕೂಸನ್ನು ಎತ್ತಿಕೊಂಡು ಹೋಗಬೇಕು.

ಮಗಳ ಮುಖ ನೋಡುವಷ್ಟು ಧೈರ್ಯವನ್ನು ದೇವರು ನಿನಗೆ ಕೊಡಲಿ.

ನಿನ್ನ ಅಕ್ಕ,
ಕಸ್ತೂರಿ

ತಾ.ಕ.: ಬೇರೆಯವರ ಮನೆಯಾಗಿದ್ದರೆ ಕಟ್ಟೆಯ ಮೇಲೆ ಕೂತು, ಒಪ್ಪಿಸಿಯೇ ಏಳುತ್ತಿದ್ದೆ. ನಿನ್ನ ಮನೆಯಿಂದ ಎರಡು ನಿಮಿಷದಲ್ಲಿ ತಿರುಗಿ ಬಂದೆ. ತವರು ತಪ್ಪೀತೆಂದು ಹೆದರಿದೆ. ಆಗ ನಿನ್ನ ಬೆನ್ನ ಹಿಂದೆ ಶಾರವ್ವ ಕೂಸನ್ನು ಎತ್ತಿಕೊಂಡು, ಅದರ ಅಂಗಿಯ ತೋಳು ಮಡಚಿ ನಿಂತಿದ್ದಳು. ನೀನು ನೋಡಲಿಲ್ಲ. ನಾನು ನೋಡಿದ್ದೆ.